ವೋಲ್ಟೇಜ್ ಕಮ್ಮಿ ಅದ!

ಸಂಜೆ ಏಳು ಗಂಟೆ. ಮನ್ನಳ್ಳಿಯ ಮನೆಗಳಲ್ಲಿ ದೀಪ ಹತ್ತಿವೆ. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆ. ಅಷ್ಟರಲ್ಲಿ ಒಂದು ಮನೆಯ ಹಳೇ ಗುಂಡು ಬಲ್ಬು ಮಂಕಾಯಿತು. ಫ್ಯಾನ್ ನಿಧಾನವಾಯಿತು. ಮೂಲೆಯಲ್ಲಿ ಕುಳಿತಿದ್ದ ಮಗಳ ಕಂಪ್ಯೂಟರ್ ಟಪ್ ಎಂದು ಬಂದ್ ಆಯಿತು.

"ಅವ್ವಾ, ಬರೆದದ್ದೆಲ್ಲಾ ಹೋಯ್ತು!"

"ಯಾಕವ್ವಾ? ಕರೆಂಟ್ ಹೋಗಿಲ್ಲಲ್ಲ. ಬಲ್ಬು ಉರೀಲಿಕತ್ತದ ನೋಡು."

"ಕರೆಂಟ್ ಅದ ಅವ್ವಾ. ವೋಲ್ಟೇಜ್ ಕಮ್ಮಿ ಅದ."

ಈ ಮಾತು ನಾವೂ ಆಡುತ್ತೇವೆ. ಆದರೆ ವೋಲ್ಟೇಜ್ ಅಂದರೆ ಏನು? ನಮ್ಮ ಮಹಿಳಾ ಸಂಘದಲ್ಲಿ ಒಂದು ದಿನ ಈ ಪ್ರಶ್ನೆ ಬಂತು. ಯಾರಿಗೂ ಸರಿಯಾಗಿ ಹೇಳಲು ಬರಲಿಲ್ಲ. ತಿಳಿದವರನ್ನು ಕೇಳಿದೆವು. ಓದಿ ನೋಡಿದೆವು. ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ. ಬನ್ನಿ, ಕೂಡಿ ಓದೋಣ.

ನೀರಿನ ಟಾಕಿ ನೋಡಿ

ನೀರಿನ ಟಾಕಿಯನ್ನು ಎತ್ತರದಲ್ಲಿ ಕಟ್ಟುತ್ತಾರೆ. ಯಾಕೆ? ಟಾಕಿ ಎತ್ತರ ಇದ್ದಷ್ಟೂ ನೀರಿಗೆ ಒತ್ತಡ ಹೆಚ್ಚು. ನಳದಲ್ಲಿ ನೀರು ಜೋರಾಗಿ ಬರುತ್ತದೆ. ಟಾಕಿ ತಗ್ಗಿನಲ್ಲಿದ್ದರೆ ನೀರು ಸಣ್ಣಗೆ ಬರುತ್ತದೆ. ಕೊಡ ತುಂಬಲು ಹೊತ್ತು ಹಿಡಿಯುತ್ತದೆ.

ಕರೆಂಟೂ ಹೀಗೆಯೇ. ತಂತಿಯಲ್ಲಿ ಹರಿಯುವುದು ಕರೆಂಟ್. ಅದನ್ನು ನೂಕುವ ಒತ್ತಡವೇ ವೋಲ್ಟೇಜ್.

ನಳ ಬಂದ್ ಇದ್ದಾಗ ನೀರು ಹರಿಯುವುದಿಲ್ಲ. ಆದರೂ ಪೈಪಿನ ಒಳಗೆ ಒತ್ತಡ ಇದ್ದೇ ಇರುತ್ತದೆ. ಗೋಡೆಯ ಪ್ಲಗ್ಗಿನ ತೂತಿನಲ್ಲೂ ಹಾಗೆಯೇ. ಏನೂ ಚುಚ್ಚದಿದ್ದರೂ ಅಲ್ಲಿ ವೋಲ್ಟೇಜ್ ಕಾದು ಕುಳಿತಿರುತ್ತದೆ. ಮಕ್ಕಳು ಅಲ್ಲಿ ಮೊಳೆ, ಪಿನ್ನು ಹಾಕದಂತೆ ನೋಡಿಕೊಳ್ಳಬೇಕು.

ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ. ಬಟ್ಟೆಯನ್ನು ಮೀಟರಿನಲ್ಲಿ ಅಳೆಯುತ್ತೇವೆ. ಈ ಒತ್ತಡವನ್ನು ವೋಲ್ಟ್‌ನಲ್ಲಿ ಅಳೆಯುತ್ತಾರೆ. ಇಟಲಿ ದೇಶದಲ್ಲಿ ಅಲೆಸಾಂಡ್ರೊ ವೋಲ್ಟಾ ಎಂಬ ವಿಜ್ಞಾನಿ ಇದ್ದರು. 1800ರಲ್ಲಿ ಅವರು ಮೊದಲ ಬ್ಯಾಟರಿಯನ್ನು ಜಗತ್ತಿಗೆ ತೋರಿಸಿದರು. ಅವರ ಹೆಸರಿನಿಂದಲೇ ವೋಲ್ಟ್ ಎಂಬ ಮಾತು ಬಂತು.

ಅಂಕಿ ಓದೋಣ

ನಮಗೆ ಈಗ ಅಂಕಿ ಓದಲು ಬರುತ್ತದೆ. ಹಾಗಾದರೆ ಇದನ್ನು ಓದಿ.

ಟಾರ್ಚಿನ ಒಂದು ಸೆಲ್ – 1.5 ವೋಲ್ಟ್
ಎರಡು ಸೆಲ್ ಸಾಲಾಗಿ ಹಾಕಿದರೆ – 3 ವೋಲ್ಟ್
ಸಾದಾ ಮೊಬೈಲ್ ಚಾರ್ಜರ್ ಕೊಡುವುದು – 5 ವೋಲ್ಟ್
ಟ್ರ್ಯಾಕ್ಟರ್ ಬ್ಯಾಟರಿ – 12 ವೋಲ್ಟ್
ಮನೆಯ ಕರೆಂಟ್ – 230 ವೋಲ್ಟ್
ಟಿ.ಸಿ.ಗೆ ಬರುವ ದೊಡ್ಡ ತಂತಿ – 11,000 ವೋಲ್ಟ್

ಸೆಲ್ ಹಿಡಿದರೆ ನಮಗೆ ಏನೂ ಆಗುವುದಿಲ್ಲ. ಮನೆಯ ತಂತಿ ಮುಟ್ಟಿದರೆ ಜೀವ ಹೋಗಬಹುದು. ಯಾಕೆಂದು ಈ ಅಂಕಿಗಳೇ ಹೇಳುತ್ತವೆ.

ಕರೆಂಟ್ ಬರುವ ದಾರಿ

ನಮ್ಮ ರಾಜ್ಯದಲ್ಲಿ 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟ್ ಮಾಡಿದರು. ಅದನ್ನು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಅಷ್ಟು ದೂರ ಹೇಗೆ ಕಳಿಸಿದರು? ವೋಲ್ಟೇಜ್ ಹೆಚ್ಚು ಮಾಡಿ ಕಳಿಸಿದರು.

ವೋಲ್ಟೇಜ್ ಹೆಚ್ಚಿದ್ದರೆ, ಅಷ್ಟೇ ಶಕ್ತಿ ಸಾಗಿಸಲು ಕಡಿಮೆ ಕರೆಂಟ್ ಹರಿದರೆ ಸಾಕು. ತಂತಿ ಕಡಿಮೆ ಬಿಸಿಯಾಗುತ್ತದೆ. ದಾರಿಯಲ್ಲಿ ನಷ್ಟ ಕಡಿಮೆ. ಇಂದಿಗೂ ಹೀಗೆಯೇ ಮಾಡುತ್ತಾರೆ. ದೊಡ್ಡ ಕಂಬಗಳ ಮೇಲೆ ಲಕ್ಷಗಟ್ಟಲೆ ವೋಲ್ಟ್ ಹೋಗುತ್ತದೆ. ಸಬ್‌ಸ್ಟೇಷನ್ನಿನಲ್ಲಿ ಅದನ್ನು ಇಳಿಸುತ್ತಾರೆ. ಊರಿನ ಟಿ.ಸಿ. ಅದನ್ನು ಮತ್ತೆ ಇಳಿಸಿ ನಮ್ಮ ಮನೆಗೆ ಕೊಡುತ್ತದೆ.

ಸಂಜೆ ಯಾಕೆ ಕಮ್ಮಿ?

ಮನೆಗೆ 230 ವೋಲ್ಟ್ ಬರಬೇಕು. ನೂರಕ್ಕೆ ಆರರಷ್ಟು ಹೆಚ್ಚು ಕಡಿಮೆ ಆಗಬಹುದು ಎಂದು ನಿಯಮ ಇದೆ. ಅಂದರೆ ಸುಮಾರು 216ರಿಂದ 244ರ ತನಕ ಇರಬೇಕು.

ಸಂಜೆ ಎಲ್ಲಾ ಮನೆಗಳಲ್ಲಿ ದೀಪ, ಟಿ.ವಿ., ಫ್ಯಾನ್ ಒಮ್ಮೆಗೇ ಹಚ್ಚುತ್ತೇವೆ. ಹಿಟ್ಟಿನ ಗಿರಣಿಯೂ ನಡೆಯುತ್ತಿರುತ್ತದೆ. ತಂತಿ ಉದ್ದ ಇದ್ದರೆ, ತೆಳ್ಳಗಿದ್ದರೆ ದಾರಿಯಲ್ಲೇ ಒತ್ತಡ ಸೋರಿಹೋಗುತ್ತದೆ. ಟಿ.ಸಿ. ಹತ್ತಿರದ ಮನೆಗೆ ಚಲೋ ಬರುತ್ತದೆ. ಕೊನೇ ಮನೆಗೆ ಕಮ್ಮಿ ಬರುತ್ತದೆ. ಎಲ್ಲರೂ ಒಮ್ಮೆಗೇ ನಳ ಬಿಟ್ಟರೆ ಕೊನೇ ಮನೆಗೆ ನೀರು ಸಣ್ಣಗೆ ಬರುವುದಿಲ್ಲವೇ? ಹಾಗೆಯೇ ಇದು.

ವೋಲ್ಟೇಜ್ ಕಮ್ಮಿಯಾದರೆ ಮೋಟಾರಿಗೆ ಕೇಡು. ನೀರಿನ ಮೋಟಾರು, ಫ್ರಿಜ್ಜು ಗುಂ ಗುಂ ಅನ್ನುತ್ತವೆ, ತಿರುಗುವುದಿಲ್ಲ. ತಿರುಗಲು ಆಗದೆ ಹೆಚ್ಚು ಕರೆಂಟ್ ಎಳೆಯುತ್ತವೆ. ಒಳಗಿನ ಸುರುಳಿ ಬಿಸಿಯಾಗಿ ಸುಡುತ್ತದೆ. ಇಂಥ ಸಪ್ಪಳ ಕೇಳಿದ ಕೂಡಲೇ ಬಂದ್ ಮಾಡಿ.

ಬಲ್ಬು ಅತಿಯಾಗಿ ಉರಿದರೆ?

ಇದು ಇನ್ನೂ ಅಪಾಯ. ಕಂಬದ ಮೇಲೆ ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್ ತಂತಿ ಇರುತ್ತವೆ. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್. ಎರಡು ಫೇಸ್ ನಡುವೆ ಸುಮಾರು 400 ವೋಲ್ಟ್. ಗಾಳಿಗೆ ನ್ಯೂಟ್ರಲ್ ಕಡಿದರೆ ಲೆಕ್ಕ ತಪ್ಪುತ್ತದೆ. ಕೆಲವು ಮನೆಗೆ 300 ದಾಟಿ ಬರಬಹುದು. ಕೆಲವು ಮನೆಗೆ ತೀರಾ ಕಮ್ಮಿ ಬರಬಹುದು. ಒಂದೇ ರಾತ್ರಿ ಓಣಿಯ ಟಿ.ವಿ.ಗಳೆಲ್ಲಾ ಸುಡುವುದು ಹೀಗೆ. ಬಲ್ಬು ಅತಿಯಾಗಿ ಬೆಳಗಿದರೆ ಕಾಯಬೇಡಿ. ಮೇನ್ ಸ್ವಿಚ್ ಬಂದ್ ಮಾಡಿ.

ಕಂಪ್ಯೂಟರ್ ಒಳಗೆ

ಕಂಪ್ಯೂಟರಿಗೆ 230 ವೋಲ್ಟ್ ನೇರವಾಗಿ ಬೇಕಿಲ್ಲ. ಅದರ ಡಬ್ಬಿಯೊಳಗೆ ಇನ್ನೊಂದು ಸಣ್ಣ ಡಬ್ಬಿ ಇದೆ. ಅದು 230ನ್ನು ಇಳಿಸಿ 12, 5, 3.3 ವೋಲ್ಟ್ ಮಾಡಿ ಹಂಚುತ್ತದೆ. ಲೆಕ್ಕ ಮಾಡುವ ಮುಖ್ಯ ಚಿಪ್ಪಿಗೆ ಸುಮಾರು ಒಂದು ವೋಲ್ಟ್ ಸಾಕು. ಒಂದು ಸೆಲ್‌ಗಿಂತಲೂ ಕಡಿಮೆ!

ಹೊರಗಿನ ವೋಲ್ಟೇಜ್ ಬಹಳ ಇಳಿದರೆ ಆ ಸಣ್ಣ ಡಬ್ಬಿ ಸೋಲುತ್ತದೆ. ಕಂಪ್ಯೂಟರ್ ಬಂದ್ ಆಗುತ್ತದೆ. ಯು.ಪಿ.ಎಸ್. ಇದ್ದರೆ ಅದರ ಬ್ಯಾಟರಿ ಕೆಲವು ನಿಮಿಷ ನಡೆಸುತ್ತದೆ. ಬರೆದದ್ದನ್ನು ಉಳಿಸಿಕೊಳ್ಳಲು ಅಷ್ಟು ಹೊತ್ತು ಸಾಕು.

ಕೆಲವು ಹಳೇ ಕಂಪ್ಯೂಟರಿನ ಹಿಂದೆ ಸಣ್ಣ ಕೆಂಪು ಸ್ವಿಚ್ ಇರುತ್ತದೆ. ಅದರ ಮೇಲೆ 115, 230 ಎಂದು ಬರೆದಿರುತ್ತದೆ. ನಮ್ಮ ದೇಶದಲ್ಲಿ 230 ಎಂದೇ ಇರಬೇಕು. 115ಕ್ಕೆ ಸರಿಸಿ ಹಚ್ಚಿದರೆ ಒಳಗೆ ಢಂ ಎಂದು ಒಡೆಯುತ್ತದೆ. ಮಕ್ಕಳಿಗೆ ಹೇಳಿಡಿ.

ಮೊಬೈಲ್ ಚಾರ್ಜರ್ ಹಿಂದೆ 100–240 ಎಂದು ಇದ್ದರೆ ಅದು ಕಮ್ಮಿ ವೋಲ್ಟೇಜಿನಲ್ಲೂ ಕೆಲಸ ಮಾಡುತ್ತದೆ. ಇದನ್ನು ಓದಿಯೇ ಚಾರ್ಜರ್ ಕೊಳ್ಳಿ.

ಒಂದು ತಪ್ಪು ತಿಳುವಳಿಕೆ

"ವೋಲ್ಟೇಜ್ ಕಮ್ಮಿ ಇದ್ದಾಗ ಮುಟ್ಟಿದರ ಏನೂ ಆಗಲ್ಲ" ಎಂದು ಕೆಲವರು ಅನ್ನುತ್ತಾರೆ. ಇದು ಸುಳ್ಳು. 150 ವೋಲ್ಟ್ ಕೂಡ ಜೀವ ತೆಗೆಯಬಲ್ಲದು. ಕೈ ಒದ್ದೆ ಇದ್ದರಂತೂ ಇನ್ನೂ ಕೆಟ್ಟದ್ದು.

ಒಂದು ಮಳೆಗಾಲದಲ್ಲಿ ನಮ್ಮ ಸಂಘದ ಅಕ್ಕ ಒಬ್ಬರು ಕಬ್ಬಿಣದ ತಂತಿಯ ಮೇಲೆ ಸೀರೆ ಒಣಹಾಕುತ್ತಿದ್ದರು. ಆ ತಂತಿಗೆ ಮನೆಯ ಕರೆಂಟ್ ವೈರ್ ತಾಗಿತ್ತು. ವೈರಿನ ಸಿಪ್ಪೆ ಕಿತ್ತಿತ್ತು. ಅಕ್ಕನ ಕೈ ಅಲ್ಲೇ ಹಿಡಿಯಿತು. ಅತ್ತೆ ಓಡಿಬಂದು ಹಿಡಿಯಲು ಹೋದರು. ಮಗಳು ಚೀರಿದಳು, "ಅಜ್ಜೀ, ಮುಟ್ಟಬ್ಯಾಡ!" ಓಡಿಹೋಗಿ ಮೇನ್ ಬಂದ್ ಮಾಡಿದಳು. ಎರಡು ಜೀವ ಉಳಿದವು. ಈಗ ಅವರ ಮನೆಯಲ್ಲಿ ಬಟ್ಟೆ ಒಣಹಾಕಲು ನೂಲಿನ ಹಗ್ಗ ಇದೆ.

ಅರ್ಜಿ ಬರೆದೆವು

ವೋಲ್ಟೇಜ್ ಕಮ್ಮಿಯ ಮಾತು ಬಾಯಲ್ಲಿ ಬಹಳ ಸಲ ಹೇಳಿದ್ದೆವು. ಕೆಲಸ ಆಗಿರಲಿಲ್ಲ. ಆಗ ಕೂಡಿ ಅರ್ಜಿ ಬರೆದೆವು. ತಾರೀಖು ಹಾಕಿದೆವು. ಎಷ್ಟು ಗಂಟೆಗೆ ಕಮ್ಮಿಯಾಗುತ್ತದೆ ಎಂದು ಬರೆದೆವು. ಬಿಲ್ಲು ನೋಡಿ ಪ್ರತಿ ಮನೆಯ ಆರ್.ಆರ್. ನಂಬರ್ ಬರೆದೆವು. ಹೆಬ್ಬೆಟ್ಟು ಒಂದೂ ಇರಲಿಲ್ಲ. ಎಲ್ಲರೂ ಸಹಿ ಹಾಕಿದೆವು. ಒಂದು ನಕಲು ನಮ್ಮ ಹತ್ತಿರ ಇಟ್ಟುಕೊಂಡೆವು.

ಲೈನ್‌ಮನ್ ಅಣ್ಣ ಸಂಜೆ ಮೀಟರ್ ಹಿಡಿದು ಬಂದರು. "ನೋಡ್ರಿ ಅಕ್ಕಾ, ಟಿ.ಸಿ. ಹತ್ರ 225 ಅದ. ನಿಮ್ಮ ಕೊನೇ ಮನೀಗೆ ಬರೋತನ 160 ಆಗ್ಯಾದ. ಒಂದೇ ಫೇಸಿಗೆ ಭಾಳ ಮನಿ ಹಚ್ಯಾರ" ಎಂದರು. ನಾವು ಆ ಅಂಕಿಯನ್ನು ಓದಿದೆವು, ಬರೆದುಕೊಂಡೆವು. ಕೆಲವು ಮನೆಗಳನ್ನು ಬೇರೆ ಫೇಸಿಗೆ ಹಚ್ಚಿದರು. ಕೊನೇ ಮನೆಗೆ ಈಗ 200 ದಾಟಿ ಬರುತ್ತದೆ. 216 ಇನ್ನೂ ಆಗಿಲ್ಲ. ತಂತಿ ಬದಲಿಸಲು ಎರಡನೇ ಅರ್ಜಿ ಕೊಟ್ಟಿದ್ದೇವೆ.

ನೆನಪಿಡಿ

1. ಮೂರು ಕಾಲಿನ ಪ್ಲಗ್ಗಿನ ದೊಡ್ಡ ಕಾಲು ಅರ್ಥಿಂಗ್. ಅದನ್ನು ಮುರಿಯಬೇಡಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ.
2. ಒದ್ದೆ ಕೈಯಿಂದ ಸ್ವಿಚ್ ಮುಟ್ಟಬೇಡಿ.
3. ಕರೆಂಟ್ ಹಿಡಿದವರನ್ನು ಕೈಯಿಂದ ಮುಟ್ಟಬೇಡಿ. ಮೊದಲು ಮೇನ್ ಬಂದ್ ಮಾಡಿ. ಆಗದಿದ್ದರೆ ಒಣ ಕಟ್ಟಿಗೆಯಿಂದ ಸರಿಸಿ. 108ಕ್ಕೆ ಫೋನ್ ಮಾಡಿ.
4. ಕಂಬದ ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಆ ತಂತಿಯನ್ನು ಕಟ್ಟಿಗೆಯಿಂದಲೂ ಮುಟ್ಟಬೇಡಿ. 1912ಕ್ಕೆ ಫೋನ್ ಮಾಡಿ.
5. ಹಳೇ ದಪ್ಪ ಟಿ.ವಿ.ಯನ್ನು ಬಿಚ್ಚಬೇಡಿ. ಬಂದ್ ಮಾಡಿದ ಮೇಲೂ ಅದರೊಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಅಭ್ಯಾಸ

1. ವೋಲ್ಟೇಜ್ ಅಂದರೆ ಏನು? ನಿಮ್ಮ ಮಾತಿನಲ್ಲಿ ಹೇಳಿ.
2. ಮೂರು ಸೆಲ್ ಸಾಲಾಗಿ ಹಾಕಿದರೆ ಎಷ್ಟು ವೋಲ್ಟ್?
3. ನಿಮ್ಮ ಮೊಬೈಲ್ ಚಾರ್ಜರ್ ಹಿಂದಿನ ಅಂಕಿಗಳನ್ನು ನೋಡಿ ಬರೆಯಿರಿ.
4. ನಿಮ್ಮ ಮನೆಯ ಮೇನ್ ಸ್ವಿಚ್ ಎಲ್ಲಿದೆ? ಮನೆಯ ಎಲ್ಲರಿಗೂ ಇವತ್ತೇ ತೋರಿಸಿ.