ದಾರಿಯಲ್ಲಿ ಕಾಣದೆಹೋದ ಮಗನು

(ಓದತಕ್ಕ ವೇದಭಾಗ: ಲೂಕ 2ನೆಯ ಅಧ್ಯಾಯ, 41ರಿಂದ 52ರ ವರೆಗೆ)

ಮಕ್ಕಳನ್ನು ಕರಕೊಂಡು ಪ್ರಯಾಣಮಾಡುವದು ಎಷ್ಟು ಸಂತೋಷವೋ ಅಷ್ಟೇ ಪ್ರಯಾಸವೂ ಆಗಿದೆಯೆಂದು ನಾವೆಲ್ಲರೂ ಬಲ್ಲೆವು. ಒಂದು ಮಗುವು ಕಂಡದ್ದಕ್ಕೆಲ್ಲಾ ಹೆಸರು ಕೇಳುತ್ತದೆ. ಇನ್ನೊಂದು ಹಸಿವೆಯೆಂದು ಅಳುತ್ತದೆ. ಮತ್ತೊಂದು ಕಣ್ಣಿಗೆ ಮರೆಯಾಗುತ್ತದೆ. ಈ ಪ್ರಯಾಸವು ಯೋಸೇಫನಿಗೂ ಮರಿಯಳಿಗೂ ತಪ್ಪಲಿಲ್ಲ.

ನಜರೇತಿನಿಂದ ಯೆರೂಸಲೇಮಿಗೆ ನೇರವಾಗಿ ಅಳೆದರೂ ಸುಮಾರು 100 ಕಿಲೋಮೀಟರು ಉಂಟು. ನಡೆಯುವ ದಾರಿಯು ಇನ್ನೂ ಹೆಚ್ಚು. ವರುಷಕ್ಕೆ ಮೂರಾವರ್ತಿ ದೇವರ ಸನ್ನಿಧಿಗೆ ಬರಬೇಕೆಂಬ ವಿಧಿಯು ಧರ್ಮೋಪದೇಶಕಾಂಡದ 16ನೆಯ ಅಧ್ಯಾಯದಲ್ಲಿ ಗಂಡಸರಿಗೆ ಕೊಡಲ್ಪಟ್ಟಿತ್ತು. ಆದರೂ ಮರಿಯಳು ಪ್ರತಿ ವರುಷ ಪಸ್ಕಹಬ್ಬಕ್ಕೆ ಗಂಡನ ಸಂಗಡ ಹೋಗುತ್ತಿದ್ದಳು. ಯೇಸು 12 ವರುಷದವನಾದಾಗ ನಡೆದದ್ದರಿಂದ ನಾವು ಮೂರು ಪಾಠಗಳನ್ನು ಕಲಿಯೋಣ.

1. ಗುಂಪಿನಲ್ಲಿರುವನೆಂಬ ನೆನಸಿಕೆ. ಹಿಂದಿರುಗುವಾಗ ಮಗನು ಜೊತೆಯವರಲ್ಲಿ ಇರುವನೆಂದು ನೆನಸಿ ಅವರು ಒಂದು ದಿನದ ದಾರಿ ನಡೆದರು. ಅವರು ಭಕ್ತಿಯಿಲ್ಲದವರಲ್ಲ, ಪ್ರೀತಿಯಿಲ್ಲದವರೂ ಅಲ್ಲ. ನೆನಸಿದರು, ವಿಚಾರಿಸಲಿಲ್ಲ, ಅಷ್ಟೇ. ನಾವೂ ಮಗನು ಸಭೆಯಲ್ಲಿಯೇ ಬೆಳೆಯುತ್ತಾನೆಂದು ನೆನಸಿ, ಅವನ ಮನಸ್ಸು ಎಲ್ಲಿದೆಯೆಂದು ವಿಚಾರಿಸದೆ, ವರುಷಗಟ್ಟಲೆ ನಡೆದುಬಿಡುತ್ತೇವೆ.

2. ಸಿಕ್ಕಿದಾಗ ಆಡುವ ಮೊದಲ ಮಾತು. ಮೂರು ದಿನಗಳ ಮೇಲೆ ಮಗನು ದೇವಾಲಯದಲ್ಲಿ ಬೋಧಕರ ನಡುವೆ ಸಿಕ್ಕಿದನು. ತಾಯಿಯು ತನ್ನ ಸಂಕಟವನ್ನು ಮುಚ್ಚಿಡಲಿಲ್ಲ. ಹೀಗೆ ಯಾಕೆ ಮಾಡಿದೆ ಎಂದು ಕೇಳಿದಳು, ಉತ್ತರಕ್ಕೂ ಕಿವಿಗೊಟ್ಟಳು. ನಾವು ಒಮ್ಮೆ ಮದುವೆಗೆ ಹೋಗುವಾಗ ಬಸ್ಸಿನ ನಿಲ್ದಾಣದಲ್ಲಿ ನಮ್ಮ ಮಗನು ಕಾಣದೆಹೋದನು. ಸಿಕ್ಕಿದ ಕೂಡಲೆ, ಒಂದು ಮಾತೂ ಕೇಳದೆ ಹೊಡೆದೆವು. ಅವನು ತಂಗಿಗೋಸ್ಕರ ನೀರು ತರಲು ಹೋಗಿದ್ದನು; ಕೈಯಲ್ಲಿದ್ದ ತಂಬಿಗೆಯು ಹೊಡೆದ ಮೇಲೆ ನಮ್ಮ ಕಣ್ಣಿಗೆ ಬಿತ್ತು. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ರಾತ್ರಿ ನಾವು ಅವನ ಬಳಿಯಲ್ಲಿ ಕೂತು ನಮ್ಮದೇ ತಪ್ಪೆಂದು ಹೇಳಿದೆವು. ಮಕ್ಕಳ ಮನಸ್ಸು ಕುಗ್ಗುವಂತೆ ಅವರನ್ನು ರೇಗಿಸಬಾರದೆಂದು ಪೌಲನು ಕೊಲೊಸ್ಸೆಯವರಿಗೆ ಬರೆದದ್ದು ನಮ್ಮಂಥ ತಂದೆತಾಯಿಗಳಿಗಾಗಿಯೇ ಅಲ್ಲವೇ?

3. ತಿಳಿಯದ ಉತ್ತರ. ತಾನು ತನ್ನ ತಂದೆಯ ಮನೆಯಲ್ಲಿ ಇರಬೇಕಾದದ್ದೆಂದು ಯೇಸು ಹೇಳಿದ್ದು ಅವರಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ತಾಯಿಯು ಅದನ್ನು ತಳ್ಳಿಬಿಡದೆ ಹೃದಯದಲ್ಲಿ ಇಟ್ಟುಕೊಂಡಳು. ಮಗನೂ ಅವರ ಸಂಗಡ ನಜರೇತಿಗೆ ಬಂದು ಅವರಿಗೆ ಅಧೀನನಾಗಿದ್ದನು. ನಮ್ಮ ಮಕ್ಕಳು ಮೊದಲು ದೇವರವರು, ಆಮೇಲೆ ನಮ್ಮವರು. ಅವರ ಮಾತುಗಳಲ್ಲಿ ನಮಗೆ ತಿಳಿಯದವುಗಳೂ ಇರುವವು. ಅವುಗಳನ್ನು ತಾಳ್ಮೆಯಿಂದ ಇಟ್ಟುಕೊಳ್ಳುವದೂ ತಾಯಿತಂದೆಗಳ ಕೆಲಸವೇ.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು: ಈ ವಾರ ನಾವು ನಮ್ಮ ಮಕ್ಕಳ ಯಾವ ಮಾತನ್ನು ಪೂರ್ತಿಯಾಗಿ ಕೇಳಿದೆವು? ಕೇಳುವ ಮೊದಲೇ ಗದರಿಸಿದ್ದುಂಟೋ? ಉಂಟಾದರೆ ಇಂದಿನ ಕುಟುಂಬ ಪ್ರಾರ್ಥನೆಗೆ ಮುಂಚೆ ಆ ಮಗುವಿನ ಸಂಗಡ ಸಮಾಧಾನವಾಗೋಣ.