ನೆರೆಮನೆಯ ದಾರಿ: ಒಂದು ಭೂಗೋಳ ಪಾಠ



ಭೂಪಟದಲ್ಲಿ ನೇಪಾಳವನ್ನು ನೋಡಿದರೆ ಅದಕ್ಕೆ ಸಮುದ್ರತೀರವಿಲ್ಲವೆಂಬದು ಒಡನೆ ಕಾಣುವದು. ಉತ್ತರದಲ್ಲಿ ಹಿಮಾಲಯವೂ ಉಳಿದ ಮೂರು ದಿಕ್ಕುಗಳಲ್ಲಿ ಭಾರತವೂ ಇರುವವು. ಆದದರಿಂದ ಹಡಗಿನಲ್ಲಿ ಬರುವ ಅದರ ಸರಕು ಮುಖ್ಯವಾಗಿ ಕೋಲ್ಕತಾ ಬಂದರದಲ್ಲಿ ಇಳಿದು, ಬಿಹಾರದ ಗಡಿಯೂರಾದ ರಕ್ಸೌಲನ್ನು ದಾಟಿ, ಆಚೆಯ ಬೀರ್‌ಗಂಜನ್ನು ಸೇರುವದು.

ಪೂರ್ವದಲ್ಲಿ ಈ ಪ್ರಯಾಣವು ಬಹು ಕಷ್ಟವಾಗಿತ್ತು. 1927ರಲ್ಲಿ ರಕ್ಸೌಲಿನಿಂದ ಅಮ್ಲೇಖ್‌ಗಂಜಿನ ವರೆಗೆ ಕಿರುರೈಲು ಬಂದರೂ, ಮುಂದಿನ ಬೆಟ್ಟಗಳನ್ನು ಹೊರೆಯಾಳುಗಳು ಕಾಲ್ನಡೆಯಿಂದ ದಾಟುತ್ತಿದ್ದರು. ಪ್ರಭುಗಳ ಮೋಟಾರುಗಾಡಿಗಳು ಸಹ ಬಿದಿರುಗಳಿಗೆ ಕಟ್ಟಲ್ಪಟ್ಟು ಮನುಷ್ಯರ ಹೆಗಲ ಮೇಲೆಯೇ ಕಾಠ್ಮಂಡುವಿಗೆ ಹೋದವು. ಭಾರತದ ನೆರವಿನಿಂದ ತ್ರಿಭುವನ ರಾಜಪಥವು 1956ರಲ್ಲಿ ಮುಗಿಯಲು, ಆ ಹೊರೆಯು ಲಾರಿಗಳ ಪಾಲಾಯಿತು.

ಅನ್ಯದೇಶದಿಂದ ನೇಪಾಳಕ್ಕೆ ಹೋಗುವ ಸರಕಿಗೆ ಭಾರತವು ಆಮದು ಸುಂಕ ಹಿಡಿಯುವದಿಲ್ಲ. ಅದು ಮುದ್ರೆ ಹಾಕಿದ ಪೆಟ್ಟಿಗೆಗಳಲ್ಲಿ ಸಾಗುವದು. ಗಡಿಯಲ್ಲಿ ಅಧಿಕಾರಿಗಳು ಮುದ್ರೆಯನ್ನೂ ಕಾಗದಗಳನ್ನೂ ಪರೀಕ್ಷಿಸುವರು. ಬಳಿಕ ನೇಪಾಳದವರು ತಮ್ಮ ಸುಂಕವನ್ನು ತೆಗೆದುಕೊಳ್ಳುವರು. ಇದೆಲ್ಲವೂ ಉಭಯ ದೇಶಗಳ ಒಡಂಬಡಿಕೆಯಿಂದ ನಡೆಯುವದು. ರಸ್ತೆಯು ಎಷ್ಟು ಗಟ್ಟಿಯಾಗಿದ್ದರೂ ಸೌಹಾರ್ದವು ಕೆಟ್ಟರೆ ಲಾರಿಯು ನಿಲ್ಲುವದು.

ಹಾಗೆಯೇ ಆಯಿತು. 2015ನೇ ಏಪ್ರಿಲಿನ ಭೂಕಂಪವು ಚೀನಾದ ಕಡೆಯ ತಾತೋಪಾನಿ ದಾರಿಯನ್ನು ಮುಚ್ಚಿಬಿಟ್ಟಿತು. ಸಪ್ಟೆಂಬರಿನಲ್ಲಿ ನೇಪಾಳದ ಹೊಸ ರಾಜ್ಯಾಂಗವು ಜಾರಿಗೆ ಬರಲು, ಅದರಿಂದ ಅಸಮಾಧಾನಗೊಂಡ ತರಾಯಿ ಪ್ರದೇಶದ ಜನರು ಬೀರ್‌ಗಂಜಿನ ಮೈತ್ರಿ ಸೇತುವೆಯ ಮೇಲೆ ಕುಳಿತರು. ಭಾರತವೇ ತಡೆಯಿತೆಂದು ನೇಪಾಳ ಸರಕಾರವೂ, ಇದು ನೇಪಾಳದ ಒಳಜಗಳವೆಂದು ಭಾರತವೂ ಹೇಳಿದವು. ತಪ್ಪು ಯಾರದಾದರೂ ಒಲೆ ಆರಿದ್ದು ಬಡವರ ಮನೆಯಲ್ಲಿ. ಎಣ್ಣೆ, ಅಡಿಗೆಯ ಅನಿಲ, ಔಷಧಗಳು ದುರ್ಲಭವಾದವು. ಐದು ವರುಷದೊಳಗಿನ 30 ಲಕ್ಷಕ್ಕೂ ಹೆಚ್ಚು ಮಕ್ಕಳು ಆ ಚಳಿಗಾಲದಲ್ಲಿ ಅಪಾಯದಲ್ಲಿರುವರೆಂದು ಯುನಿಸೆಫ್ ಸಂಸ್ಥೆಯು ಎಚ್ಚರಿಸಿತು. 2016ನೇ ಫೆಬ್ರವರಿಯಲ್ಲಿ ದಾರಿ ತೆರೆಯಿತು.

2019ರಲ್ಲಿ ಮೋತಿಹಾರಿಯಿಂದ ಅಮ್ಲೇಖ್‌ಗಂಜಿಗೆ 69 ಕಿಲೋಮೀಟರು ಉದ್ದದ ಎಣ್ಣೆಯ ಕೊಳವೆಯು ಹಾಕಲ್ಪಟ್ಟಿತು. ಆದರೂ ಅನ್ನ ಔಷಧಗಳಿಗೆ ಹೆದ್ದಾರಿಯೇ ಬೇಕು.

ಯೆರಿಕೋವಿನ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡ ಸಮಾರ್ಯದವನು ಅವನ ದೇಶ ಯಾವದೆಂದು ವಿಚಾರಿಸಲಿಲ್ಲ. ನಿಮ್ಮ ಮಕ್ಕಳಿಗೆ ಭೂಪಟವನ್ನು ಕಲಿಸುವಾಗ ಗಡಿಯ ಗೆರೆಯನ್ನು ತೋರಿಸಿರಿ. ಅದನ್ನು ದಾಟುವ ದಾರಿಯನ್ನೂ, ಆ ದಾರಿಯ ಕೊನೆಯಲ್ಲಿ ಒಲೆ ಹಚ್ಚಲು ಕಾದಿರುವ ತಾಯಿಯನ್ನೂ ಅವರಿಗೆ ತಿಳಿಸಿರಿ.