ಮಳೆ ಹಿಂದೆ ಸರಿದಾಗ ಪಾರ್ಕಿನಲ್ಲಿ ಹಕ್ಕಿ ಫೋಟೊ

ದಸರಾ ಮುಗಿದು ದೀಪಾವಳಿ ಹತ್ತಿರವಾಗುವ ದಿನಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ಕೆರೆಯಂಚಿಗೆ ಹೋದರೆ, ಬಾಲ ಕುಣಿಸುತ್ತ ಓಡಾಡುವ ಸಣ್ಣ ಹಕ್ಕಿಯೊಂದು ಕಾಣುತ್ತದೆ. ಬೆನ್ನು ಬೂದು, ಹೊಟ್ಟೆ ಹಳದಿ. ಜನ ಕುಂಡೆಕುಸ್ಕ ಎಂದು ಕರೆಯುವ ಸಿಪಿಲೆಗಳಲ್ಲಿ ಇದು ಬೂದು ಸಿಪಿಲೆ. ಹಿಮಾಲಯದ ಕಡೆಯಿಂದ ಸೆಪ್ಟೆಂಬರ್‌ನಲ್ಲೇ ಇಲ್ಲಿಗೆ ಬಂದಿಳಿಯುತ್ತದೆ. ಹತ್ತು ಗ್ರಾಂ ಕೂಡ ತೂಗದ ಉಲಿಯಕ್ಕಿಗಳು, ಹೊನ್ನಕ್ಕಿ, ಉದ್ದ ಬಾಲದ ರಾಜಹಕ್ಕಿಗಳೂ ಇದೇ ಹೊತ್ತಿಗೆ ಬರತೊಡಗುತ್ತವೆ. ಹವ್ಯಾಸಿ ಛಾಯಾಗ್ರಾಹಕರಿಗೆ ವರ್ಷದ ಒಳ್ಳೆಯ ಕಾಲ ಶುರುವಾಗುವುದು ಈಗ.

ಹೊಸ ಕ್ಯಾಮೆರಾ ಕೊಂಡವರು ಸಾಮಾನ್ಯವಾಗಿ ನೇರ ರಂಗನತಿಟ್ಟಿಗೋ ಕಬಿನಿಗೋ ಹೊರಡುತ್ತಾರೆ. ನನ್ನ ಸಲಹೆ ಬೇರೆ. ಮೊದಲ ವರ್ಷ ಮನೆ ಹತ್ತಿರದ ಉದ್ಯಾನವೇ ಸಾಕು. ಅಲ್ಲಿನ ಹಕ್ಕಿಗಳು ವಾಕಿಂಗ್ ಬರುವವರನ್ನು ನೋಡಿ ನೋಡಿ ಪಳಗಿರುತ್ತವೆ, ಕಾಡಿನ ಹಕ್ಕಿಗಿಂತ ಹತ್ತಿರ ಬಿಟ್ಟುಕೊಳ್ಳುತ್ತವೆ. ವಾರ ವಾರ ಹೋಗಬಹುದು, ದೊಡ್ಡ ಖರ್ಚಿಲ್ಲ. 240 ಎಕರೆಯ ಲಾಲ್‌ಬಾಗೇ ಆಗಬೇಕೆಂದೇನಿಲ್ಲ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ, ಕಾರಂಜಿ ಕೆರೆ ಇದೆ. ಬಡಾವಣೆಯ ಸಣ್ಣ ಪಾರ್ಕಾದರೂ ಆದೀತು.

ಮೊದಲು ಮರ, ಆಮೇಲೆ ಹಕ್ಕಿ

ಮೊದಲ ದಿನ ಕ್ಯಾಮೆರಾ ಮನೆಯಲ್ಲೇ ಇರಲಿ. ಸುಮ್ಮನೆ ಒಂದು ಸುತ್ತು ಹಾಕಿ, ಯಾವ ಮರದಲ್ಲಿ ಹೂವಿದೆ, ಯಾವುದರಲ್ಲಿ ಹಣ್ಣಿದೆ ಎಂದು ನೋಡಿಕೊಳ್ಳಿ. ಚಳಿ ದೇಶಗಳಲ್ಲಿ ಶರತ್ಕಾಲ ಬಂತೆಂದರೆ ಮರ ಬೋಳಾಗುತ್ತದೆ, ಹಕ್ಕಿ ಎದ್ದು ಕಾಣುತ್ತದೆ. ನಮ್ಮಲ್ಲಿ ಹೆಚ್ಚಿನ ಮರಗಳು ಎಲೆ ಉದುರಿಸುವುದು ಸಂಕ್ರಾಂತಿಯ ಆಚೀಚೆ. ಅಕ್ಟೋಬರ್‌ನಲ್ಲಿ ಮಳೆ ಕುಡಿದ ಮರಗಳ ಎಲೆ ದಟ್ಟವಾಗಿರುತ್ತದೆ, ಹಕ್ಕಿಯ ಸದ್ದು ಕೇಳುತ್ತದೆಯೇ ಹೊರತು ಹಕ್ಕಿ ಕಾಣುವುದಿಲ್ಲ. ಸದ್ದಿನ ಬೆನ್ನು ಹತ್ತಿ ಪಾರ್ಕೆಲ್ಲ ಅಲೆದರೆ ಕತ್ತು ನೋವು ಬಂದೀತು, ಫೋಟೊ ಬರುವುದಿಲ್ಲ.

ಅದಕ್ಕೇ ಊಟ ಇರುವ ಕಡೆ ಹೋಗಿ ನಿಲ್ಲಬೇಕು. ಹಣ್ಣಾದ ಆಲ, ಅತ್ತಿ, ಅರಳಿ ಸಿಕ್ಕಿದರೆ ಕುಟ್ರ ಹಕ್ಕಿ, ಕೋಗಿಲೆ, ಗೊರವಂಕಗಳು ಬಂದೇ ಬರುತ್ತವೆ. ಇವು ಯಾವುದೂ ಇಲ್ಲದಿದ್ದರೆ ಗಸಗಸೆ ಹಣ್ಣಿನ ಮರ ಹುಡುಕಿ. ನಮ್ಮ ಬೀದಿಗಳಲ್ಲಿ ತಾನಾಗಿಯೇ ಬೆಳೆದಿರುವ ಈ ಮರವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಹೆಚ್ಚುಕಡಿಮೆ ವರ್ಷವಿಡೀ ಹಣ್ಣು ಬಿಡುವುದರಿಂದ ಪಿಕಳಾರ, ಬದನಿಕೆ ಹಕ್ಕಿಗಳಿಗೆ ಇದು ಖಾಯಂ ಹೋಟೆಲು. ಕೊಂಬೆಗಳು ತಗ್ಗಿನಲ್ಲೇ ಅಡ್ಡಡ್ಡ ಚಾಚಿರುತ್ತವೆ, ಹಕ್ಕಿ ಕಣ್ಣಿನ ಎತ್ತರಕ್ಕೇ ಬಂದು ಕೂರುತ್ತದೆ. ದಾಸವಾಳ, ಕೇಪಳದ ಪೊದೆಗಳ ಹತ್ತಿರ ನಿಂತರೆ ಸೂರಕ್ಕಿ ಸಿಗುತ್ತದೆ. ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗುವ ಅದರ ದಾರಿಯನ್ನು ಸ್ವಲ್ಪ ಹೊತ್ತು ಗಮನಿಸಿ, ಮುಂದೆ ಕೂರುವ ಹೂವಿಗೆ ಮೊದಲೇ ಫೋಕಸ್ ಹಿಡಿದು ಕಾಯಿರಿ.

ಬೆಳಕು

ಸೂರ್ಯೋದಯದಿಂದ ಎಂಟೂವರೆವರೆಗೆ ಮುಖ್ಯ ಸಮಯ. ಸಂಜೆಯೂ ಚೆನ್ನವೇ. ಆದರೆ ಅಕ್ಟೋಬರ್‌ನಲ್ಲಿ ಹಿಂಗಾರಿನ ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆಯನ್ನು ನಂಬಿ ಕೂರುವಂತಿಲ್ಲ. ಬೆಳಿಗ್ಗೆ ನಿಮ್ಮ ಬೆನ್ನು ಪೂರ್ವಕ್ಕಿರಲಿ. ಎಳೆಬಿಸಿಲು ಹಕ್ಕಿಯ ಕಣ್ಣಿನಲ್ಲಿ ಒಂದು ಚುಕ್ಕೆ ಹೊಳಪು ಮೂಡಿಸುತ್ತದೆ. ಆ ಚುಕ್ಕೆ ಇಲ್ಲದ ಹಕ್ಕಿ ಫೋಟೊದಲ್ಲಿ ಜೀವವಿಲ್ಲದಂತೆ ಕಾಣುತ್ತದೆ. ಬಿಸಿಲೇರಿದ ಮೇಲೆ ಲಾಲ್‌ಬಾಗ್‌ನಲ್ಲಾದರೆ ಬಂಡೆಯ ಕಡೆ ಹೋಗಿ. ಸುಮಾರು 300 ಕೋಟಿ ವರ್ಷ ಹಳೆಯ ಆ ಕಲ್ಲು ಕಾದಂತೆ ಮೇಲೇಳುವ ಬಿಸಿಗಾಳಿಯಲ್ಲಿ ಹದ್ದು, ಗರುಡಗಳು ರೆಕ್ಕೆ ಬಡಿಯದೆ ಸುತ್ತುತ್ತವೆ. ಹಾರುವ ಹಕ್ಕಿಯ ಅಭ್ಯಾಸಕ್ಕೆ ಅದು ಒಳ್ಳೆಯ ಜಾಗ.

ಕ್ಯಾಮೆರಾ ಹೊಂದಿಸುವುದು ಹೀಗೆ

70–300 ಮಿ.ಮೀ. ಅಥವಾ 55–250 ಮಿ.ಮೀ. ಲೆನ್ಸ್ ಶುರುವಿಗೆ ಧಾರಾಳವಾಯಿತು. 600 ಮಿ.ಮೀ. ಲೆನ್ಸ್ ಇಲ್ಲದೆ ಹಕ್ಕಿ ಫೋಟೊ ಆಗದು ಎನ್ನುವುದು ಅಂಗಡಿಯವರ ಮಾತು. ಬೇಕೇ ಬೇಕೆನಿಸಿದರೆ ಒಂದು ದಿನ ಬಾಡಿಗೆಗೆ ತಂದು ಅದರ ಭಾರ ಹೊತ್ತು ನೋಡಿ, ಆಮೇಲೆ ತೀರ್ಮಾನಿಸಿ.

ಮ್ಯಾನುಯಲ್ ಮೋಡ್‌ನಲ್ಲಿಟ್ಟು ಐಎಸ್‌ಒ ಮಾತ್ರ ಆಟೊ ಮಾಡಿ. ಅಪರ್ಚರ್ ಲೆನ್ಸ್ ಬಿಟ್ಟಷ್ಟು ಅಗಲ, ಎಂದರೆ ಎಫ್ 5.6 ಅಥವಾ 6.3. ಶಟರ್ ವೇಗ ಹಕ್ಕಿಯ ಸ್ವಭಾವ ನೋಡಿಕೊಂಡು: ನಿಂತಲ್ಲೇ ನಿಲ್ಲುವ ಕೊಳಬಕಕ್ಕೆ ಸೆಕೆಂಡಿನ 1/500, ಕುಪ್ಪಳಿಸುವ ಸಣ್ಣ ಹಕ್ಕಿಗೆ 1/1000, ಹಾರುವುದಕ್ಕೆ 1/2000. ಮರದ ನೆರಳಲ್ಲಿ ಬೆಳಗಿನ ಏಳಕ್ಕೆ ಐಎಸ್‌ಒ 3200ಕ್ಕೆ ಏರಿದರೆ ಗಾಬರಿ ಬೇಡ. ಕಾಳುಕಾಳಾದ ಫೋಟೊವನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಬಹುದು, ಅಲುಗಾಡಿದ್ದನ್ನು ತಿದ್ದಲಾಗದು. ಫೋಕಸ್ ಕಂಟಿನ್ಯೂಯಸ್ ಇರಲಿ. ಎಲೆಗಳ ನಡುವೆ ಒಂದೇ ಬಿಂದು ಆರಿಸಿಕೊಂಡು ಕಣ್ಣಿನ ಮೇಲಿಡಿ, ಇಲ್ಲವಾದರೆ ಕ್ಯಾಮೆರಾ ಹತ್ತಿರದ ಎಲೆಯನ್ನೇ ಹಿಡಿದುಕೊಳ್ಳುತ್ತದೆ.

ಹೊಸಬರು ಹೆಚ್ಚು ಎಡವುವುದು ಬಿಳಿ ಮತ್ತು ಕಪ್ಪು ಹಕ್ಕಿಗಳಲ್ಲಿ. ಕ್ಯಾಮೆರಾದ ಮೀಟರಿಗೆ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ತರುವ ಚಟ. ಕಪ್ಪು ನೀರಿನೆದುರು ಬೆಳ್ಳಕ್ಕಿ ನಿಂತಾಗ ನೀರನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಣ್ಣದ ಮುದ್ದೆ ಮಾಡುತ್ತದೆ. ಆಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಒಂದು ಸ್ಟಾಪ್ ಕೆಳಗಿಳಿಸಿ. ಬೆಳ್ಳಗಿನ ಆಕಾಶದೆದುರು ತಂತಿ ಮೇಲೆ ಕೂತ ಕಾಜಾಣಕ್ಕೆ ಇದರ ತಿರುಗುಮುರುಗು, ಒಂದು ಸ್ಟಾಪ್ ಮೇಲೆ.

ಫೋನ್ ಮಾತ್ರ ಇರುವವರು ಹಕ್ಕಿಯನ್ನು ದೊಡ್ಡದು ಮಾಡುವ ಆಸೆ ಬಿಟ್ಟು, ಮರ, ಕೆರೆ, ಮಂಜಿನ ನಡುವೆ ಸಣ್ಣದಾಗಿ ಕೂತ ಹಕ್ಕಿಯನ್ನು ತೆಗೆಯಲಿ. ಎಷ್ಟೋ ಸಲ ಆ ಚಿತ್ರವೇ ಗೆಲ್ಲುತ್ತದೆ.

ಹತ್ತಿರ ಹೋಗುವ ಬಗೆ

ನೇರವಾಗಿ ಹಕ್ಕಿಯ ಕಡೆಗೇ ನಡೆದರೆ ಅದು ಹಾರುತ್ತದೆ. ಬೇರೆಲ್ಲೋ ಹೋಗುವವರಂತೆ ಓರೆಯಾಗಿ ನಡೆಯಿರಿ, ಆಗಾಗ ನಿಲ್ಲಿ, ಕ್ಯಾಮೆರಾ ನಿಧಾನಕ್ಕೆ ಎತ್ತಿ. ಕೆರೆದಂಡೆಯಲ್ಲಿ ಕೂತುಬಿಡುವುದು ಇನ್ನೂ ಒಳ್ಳೆಯದು. ಗುಳುಮುಳುಕದಂಥ ನೀರಹಕ್ಕಿಯನ್ನು ನಿಂತು ಮೇಲಿನಿಂದ ತೆಗೆದರೆ ಬೆನ್ನಷ್ಟೇ ಕಾಣುತ್ತದೆ. ಬಟ್ಟೆ ಮಾಸಲು ಬಣ್ಣದ್ದಿರಲಿ. ಟ್ರೈಪಾಡ್, ದೊಡ್ಡ ಕ್ಯಾಮೆರಾಗಳಿಗೆ ಪಾರ್ಕಿನಿಂದ ಪಾರ್ಕಿಗೆ ನಿಯಮ ಬೇರೆ. ಗೇಟಿನಲ್ಲೇ ಕೇಳಿಕೊಂಡರೆ ಒಳಗೆ ವಾದ ತಪ್ಪುತ್ತದೆ.

ತುಂತುರು ಮಳೆಗೆ ಬ್ಯಾಗಿನಲ್ಲೊಂದು ಪ್ಲಾಸ್ಟಿಕ್ ಕವರ್ ಸಾಕು. ಮಳೆಗಿಂತ ದೊಡ್ಡ ಶತ್ರು ಲೆನ್ಸಿನೊಳಗೆ ಬೆಳೆಯುವ ಬೂಷ್ಟು. ಒದ್ದೆ ಬ್ಯಾಗನ್ನು ಹಾಗೇ ಬೀರುವಿನಲ್ಲಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಲೆನ್ಸ್ ಇಡಿ.

ಇಷ್ಟು ಮಾತ್ರ ಮಾಡಬೇಡಿ

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಈಗ ಚಾಳಿಯಾಗಿದೆ. ಸಾವಿರಾರು ಕಿಲೊಮೀಟರ್ ಹಾರಿ ಬಂದ ಹಕ್ಕಿ ಇಲ್ಲದ ಎದುರಾಳಿಯನ್ನು ಹುಡುಕುತ್ತ ಮೇವು ಬಿಟ್ಟು ಅಲೆಯುತ್ತದೆ. ಮರದ ಪೊಟರೆಯಲ್ಲಿ ಹಗಲು ತೂಕಡಿಸುವ ಹಾಲಕ್ಕಿಗೆ ಫ್ಲ್ಯಾಶ್ ಬೇಡ, ಅದರ ಮರದ ಗುರುತನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚುವುದೂ ಬೇಡ. ರಾಟವಾಳಗಳು ಮಳೆಗಾಲ ಮುಗಿಯುವವರೆಗೂ ಗೂಡು ಕಟ್ಟುತ್ತವೆ. ಫೋಟೊಗೆ ಅಡ್ಡ ಬಂತೆಂದು ಗೂಡಿನ ಮುಂದಿನ ಎಲೆ ಕಿತ್ತರೆ ಕಾಗೆಗೆ ದಾರಿ ತೋರಿಸಿದಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಡು ಕೆಡಿಸುವುದು, ಮೊಟ್ಟೆ ತೆಗೆಯುವುದು ಅಪರಾಧ.

ಮನೆಗೆ ಬಂದ ಮೇಲೆ ಚಿತ್ರಕ್ಕೊಂದು ಹೆಸರು ಹಚ್ಚಿ. ಕನ್ನಡದಲ್ಲಿ ಹುಡುಕುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಇದೆ. ಕೂಗು ಕೇಳಿಸಿಕೊಂಡು ಹೆಸರು ಹೇಳುವ ಮರ್ಲಿನ್ ಆ್ಯಪ್ ಉಚಿತವಾಗಿ ಸಿಗುತ್ತದೆ. ನೋಡಿದ ಹಕ್ಕಿ, ತಾರೀಕು, ಜಾಗ ಮೂರನ್ನೂ ಹಕ್ಕಿ ನೋಡುವವರ ಪಟ್ಟಿಗಳನ್ನು ಕೂಡಿಡುವ ಇಬರ್ಡ್ ತಾಣಕ್ಕೆ ಸೇರಿಸಿ. ಫೋಟೊ ಮಸುಕಾಗಿದ್ದರೂ ಸರಿ, ಕಂಡದ್ದು ಬರೀ ಕಾಗೆ, ಗೊರವಂಕ ಆಗಿದ್ದರೂ ಸರಿ, ಪಟ್ಟಿಯಲ್ಲಿ ಅವನ್ನು ಬಿಡಬೇಡಿ.